ಮಾವಿನ ವಖಾರಿಯ ಕಸರತ್ತು

ಡಾಕ್ಟರು "ದಿನಾ ಬೆಳಿಗ್ಗೆ ನಡೀರಿ" ಅಂದಾಗ ನಾನು ಅವರೆದುರೇ ನಕ್ಕುಬಿಟ್ಟೆ. ಅಂಕೋಲೆಯಲ್ಲಿ ಹೆಂಗಸು ಬರಿಗೈಯಲ್ಲಿ ರಸ್ತೆ ಮೇಲೆ ನಡೆಯುವುದುಂಟೇ? ಕೈಯಲ್ಲಿ ಹಾಲಿನ ಕ್ಯಾನೋ, ಹೂವಿನ ಬುಟ್ಟಿಯೋ, ಸೀಮೆಎಣ್ಣೆ ಡಬ್ಬವೋ ಏನಾದರೂ ಇರಬೇಕು. ಇಲ್ಲದಿದ್ದರೆ ಗೇಟಿಗೊಬ್ಬರು ನಿಂತು "ಎಂತ ಆಯ್ತೇ? ಯಾರಿಗೆ ಹುಷಾರಿಲ್ಲ?" ಅಂತ ಕೇಳುತ್ತಾರೆ. ಸಕ್ಕರೆ ಕಾಯಿಲೆ ಅಂತ ಬಾಯಿಬಿಟ್ಟೆವೋ, ಮಧ್ಯಾಹ್ನದ ಊಟದೊಳಗೆ ಬಜಾರಿನ ತುದಿಯವರೆಗೂ ಸುದ್ದಿ. ಸಂಜೆಗೆ ಮನೆಗೊಂದು ಔಷಧ, ಮನೆಗೊಂದು ಪಥ್ಯ. ನಮ್ಮ ಊರಿನ ಪ್ರೀತಿಯೇ ಹಾಗೆ, ಉಸಿರು ಕಟ್ಟಿಸಿಬಿಡುತ್ತದೆ.

ಹಾಗಾಗಿ ನಾನೂ ಒಂದು ಖಾಲಿ ಕ್ಯಾನು ಹಿಡಿದೇ ಹೊರಟೆ. ಕೇಣಿ ರಸ್ತೆಯಲ್ಲಿ ಹೋಗುವುದು, ಕಡಲು ಕಂಡ ಕೂಡಲೇ ತಿರುಗಿ ಬರುವುದು. ಕೆಲವೇ ದಿನಗಳಲ್ಲಿ ಗೊತ್ತಾಯಿತು, ಆ ರಸ್ತೆಯಲ್ಲಿ ಆ ಹೊತ್ತಿಗೆ ಇನ್ನೂ ಐದಾರು ಹೆಂಗಸರು ಕ್ಯಾನು ಹಿಡಿದು ಓಡಾಡುತ್ತಾರೆ, ಯಾರ ಕ್ಯಾನೂ ತುಳುಕುವುದಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಕಡೆಗೆ ಒಂದು ದಿನ ನಮ್ಮನ್ನೆಲ್ಲ ಅಡ್ಡಗಟ್ಟಿದವರು ಪೀಟಿ ಅಕ್ಕೋರು. ಹೆಣ್ಣು ಮಾಸ್ತರಿಗೆ ನಮ್ಮ ಕಡೆ ಅಕ್ಕೋರು ಅಂತಲೇ ಹೇಳುವುದು. ಹೈಸ್ಕೂಲಿನಲ್ಲಿ ಮಕ್ಕಳಿಗೆ ಆಟ ಕಲಿಸುವ ಹೆಂಗಸು, ಐವತ್ತರ ಹತ್ತಿರ ವಯಸ್ಸು, ಮದುವೆಯ ಗೊಡವೆಗೆ ಹೋಗಿರಲಿಲ್ಲ, ಕೊರಳಲ್ಲಿ ಯಾವಾಗಲೂ ಒಂದು ಸೀಟಿ.

"ಯಾರ ಕ್ಯಾನಿನಲ್ಲಿ ಹಾಲುಂಟು ಹೇಳಿ ನೋಡ್ವಾ," ಅಂದರು.

ಯಾರೋ ಕಿಸಕ್ಕನೆ ನಕ್ಕರು. ನಗು ಶುರುವಾದದ್ದು ನಿಲ್ಲಲೇ ಇಲ್ಲ. ರಸ್ತೆ ಬದಿಯಲ್ಲಿ ಹೊಟ್ಟೆ ಹಿಡಿದುಕೊಂಡು ಕೂತೆವು. ಮರುದಿನದಿಂದ ಕೇಣಿಯ ದಂಡೆಯ ಮೇಲೆ, ಗಾಳಿಮರಗಳ ಸಾಲಿನ ಕೆಳಗೆ ಅಕ್ಕೋರ ಕಸರತ್ತಿನ ಕ್ಲಾಸು ಶುರುವಾಯಿತು. ಇದು ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷದ ಮಾತು.

ಮೊದಮೊದಲು ಬಂದವರು ನಮ್ಮಂಥವರು. ಆಫೀಸು, ಬ್ಯಾಂಕು, ಶಾಲೆ ಅಂತ ಸಂಬಳದ ಮನೆಯ ಹೆಂಗಸರು. ನಮ್ಮನೆಯವರು ತಾಲೂಕು ಆಫೀಸಿನಲ್ಲಿ ಗುಮಾಸ್ತರು. ಆಮೇಲೆ ಒಬ್ಬಳು ಮೀನು ಮಾರುವವಳು, ದಂಡೆಯಲ್ಲಿ ನಮ್ಮನ್ನು ನೋಡಿ ನೋಡಿ ಸಾಕಾಗಿ, "ನಾವು ದಿನಾ ಬುಟ್ಟಿ ಹೊತ್ತು ಭಾವಿಕೇರಿವರೆಗೆ ನಡೀತೆವು, ನಮ್ಮ ಬೆನ್ನು ನೋವಿಗೂ ಎಂತದಾದ್ರೂ ಹೇಳಿಕೊಡಿ" ಅಂತ ಸೀರೆ ಕಚ್ಚೆ ಬಿಗಿದು ಸಾಲಿನಲ್ಲಿ ನಿಂತಳು. ನಮ್ಮ ಪೈಕಿ ಇಬ್ಬರು ಚಾಪೆ ಎಳೆದುಕೊಂಡು ದೂರ ಸರಿದರು. ಅಕ್ಕೋರು ಸೀಟಿ ಊದಿ ಆ ಇಬ್ಬರನ್ನೇ ಅವಳ ಎಡಕ್ಕೂ ಬಲಕ್ಕೂ ನಿಲ್ಲಿಸಿದರು. ಮೀನಿನ ವಾಸನೆ ಅಂತ ಮೂಗು ಮುಚ್ಚಿದವರು ಹದಿನೈದು ದಿನದಲ್ಲಿ ಅವಳ ಹೆಗಲ ಮೇಲೆ ಕೈ ಇಟ್ಟು ಬಗ್ಗುತ್ತಿದ್ದರು. ನಮ್ಮ ಬಾಗಿಲಿಗೆ ಬಂದು "ಅಮ್ಮಾ, ಮೀನು ಬೇಕೆ?" ಅನ್ನುತ್ತಿದ್ದವಳು ಈಗ "ಅಕ್ಕಾ, ಸೊಂಟ ಇನ್ನೂ ಬಗ್ಗಿಸಿ, ಎಂತ ಸೊಂಟವೋ, ಒನಕೆಯೋ" ಅನ್ನತೊಡಗಿದಳು. ನನ್ನ ಬಾಯೂ ಜೋರು, ಅವಳದೂ ಜೋರು. ಚೆನ್ನಾಗಿ ಹೊಂದಿತು.

ಅವಳ ಬೆನ್ನ ಹಿಂದೆ ಅಡಗಿಕೊಂಡು ಒಂದು ದಿನ ಒಬ್ಬಳು ಹುಡುಗಿ ಬಂದಳು. ಕೇಣಿಯಲ್ಲಿ ಮೀನಿನವಳ ಮನೆಯಿಂದ ಎರಡು ಮನೆ ಆಚೆ ಅವಳ ಗಂಡನ ಮನೆ. ತವರು ಕಾರವಾರ. ಮದುವೆಯಾಗಿ ಮೂರು ವರ್ಷ, ಮಕ್ಕಳಿಲ್ಲ. ಗಂಡ ಕಾರವಾರದ ಬಂದರಿನಿಂದ ಹೊರಡುವ ಟ್ರಾಲರಿನ ತಾಂಡೇಲ. ತಾಂಡೇಲ ಅಂದರೆ ಬೋಟು ನಡೆಸುವವ, ಬೋಟಿನ ಮೇಲಿನವರೆಲ್ಲ ಅವನು ಹೇಳಿದಂತೆ ಕೇಳಬೇಕು. ಸೀಜನ್ನಿನಲ್ಲಿ ಹೋದರೆ ವಾರಗಟ್ಟಲೆ ಕಡಲಿನಲ್ಲೇ. ಮನೆಗೆ ಬಂದರೆ ಒಂದು ದಿನ, ಎರಡು ದಿನ.

ಆ ಹುಡುಗಿಗೆ ಮೊದಲ ವಾರ ತಲೆ ಎತ್ತಲೇ ಬರುತ್ತಿರಲಿಲ್ಲ. "ಎದೆ ಮುಂದೆ, ಗಲ್ಲ ಮೇಲೆ" ಅಂತ ಅಕ್ಕೋರು ಎಷ್ಟು ಕೂಗಿದರೂ ಅವಳ ಗಲ್ಲ ಎದೆಗೇ ಅಂಟಿಕೊಂಡಿರುತ್ತಿತ್ತು. ದೀಪಾವಳಿ ಕಳೆಯಿತು, ಸಂಕ್ರಾಂತಿ ಬಂತು. ಅಷ್ಟರಲ್ಲಿ ಏನಾಯಿತೋ, ಅವಳು ಸಾಲಿನ ಕೊನೆಯಿಂದ ಸಾಲಿನ ಮುಂದಕ್ಕೆ ಬಂದಿದ್ದಳು. ಒದ್ದೆ ಮರಳಿನ ಮೇಲೆ ಓಡಿದರೆ ನಮ್ಮಲ್ಲಿ ಯಾರ ಕೈಗೂ ಸಿಗುತ್ತಿರಲಿಲ್ಲ. ನಕ್ಕರೆ ಗಾಳಿಮರದ ಕಾಗೆ ಹಾರಬೇಕು, ಅಷ್ಟು ಜೋರು. ನನಗೆ ಮೊದಲ ಬಾರಿ ಚೂಡಿದಾರ ಹಾಕಿಸಿದವಳೂ ಅವಳೇ. "ಸೀರೇಲಿ ಓಡಿದ್ರೆ ನೀವು ಗಾಳಿಗೆ ಸಿಕ್ಕ ಹಾಯಿ ಆಗ್ತೀರಿ ಅಕ್ಕ" ಅಂದಳು. ನಮ್ಮ ಅತ್ತೆ ಚೂಡಿದಾರ ನೋಡಿ ಮೂರು ದಿನ ಮಾತು ಬಿಟ್ಟರು. ನನಗೆ ಮೂರು ದಿನ ಆರಾಮಾಯಿತು.

ಏಪ್ರಿಲ್ಲಿನಲ್ಲಿ ಕಾರವಾರದಲ್ಲಿ ಹೆಂಗಸರ ಆಟೋಟ ಅಂತ ಇತ್ತು. ಅಕ್ಕೋರು ನಮ್ಮನ್ನೆಲ್ಲ ಬಸ್ಸಿಗೆ ತುಂಬಿ ಕರೆದುಕೊಂಡು ಹೋದರು. ದಂಡೆಯ ಮರಳಿನಲ್ಲಿ ನಡಿಗೆಯ ಪಂದ್ಯ. ನಾನು ಕೊನೆಯವಳಾಗಲಿಲ್ಲ, ಅದೇ ನನಗೆ ದೊಡ್ಡ ಬಹುಮಾನ. ಹುಡುಗಿ ಮೊದಲು ಬಂದಳು. ಮೈಕಿನಲ್ಲಿ ಅವಳ ಹೆಸರು ಕೂಗಿದಾಗ ಅವಳು ಅಕ್ಕಪಕ್ಕ ನೋಡಿದಳು, ಅದೇ ಹೆಸರಿನವರು ಬೇರೆ ಯಾರಾದರೂ ಇದ್ದಾರೋ ಅಂತ. ನಾವೆಲ್ಲ ಕೂಗಾಡಿದ್ದು ಕೇಳಿ ಕಾರವಾರದವರು ಅಂಕೋಲೆಯಿಂದ ದೊಂಬರು ಬಂದಿದ್ದಾರೆ ಅಂದುಕೊಂಡಿರಬೇಕು.

ವಾಪಸು ಬರುವಾಗ ಅವಳು ನನ್ನ ಪಕ್ಕದಲ್ಲಿ ಕಿಟಕಿಗೆ ಕೂತಿದ್ದಳು, ತೊಡೆಯ ಮೇಲೆ ಬಹುಮಾನದ ಸ್ಟೀಲಿನ ಡಬ್ಬಿ. ಕಾರವಾರ ದಾಟುತ್ತಿದ್ದಂತೆ ರಸ್ತೆ ಬದಿಗೆ ಬಂದರು ಕಾಣುತ್ತದಲ್ಲ, ಅಲ್ಲಿ ಟ್ರಾಲರುಗಳು ಒತ್ತೊತ್ತಾಗಿ ನಿಂತಿದ್ದವು. ಅಲ್ಲಿಯವರೆಗೆ ಹಾಡು ಹೇಳುತ್ತಿದ್ದವಳು ಸುಮ್ಮನಾದಳು. ನಾನು ಎಂತ ಆಯ್ತು ಅಂತ ಕೇಳಿದೆ.

"ಮಳೆ ಬಿದ್ರೆ ಬೋಟೆಲ್ಲ ಬಂದ್ ಅಲ್ದಾ ಅಕ್ಕ," ಅಂದಳು.

"ಹೌದು. ಪ್ರತಿ ವರ್ಷ ಬಂದ್. ಅದಕ್ಕೆಂತ?"

"ಎರಡು ತಿಂಗಳು ಮನೇಲೇ ಇರ್ತಾರೆ."

ಅಷ್ಟೇ ಹೇಳಿದ್ದು. ಕಿಟಕಿಯ ಕಂಬಿ ಹಿಡಿಯಲು ಕೈ ಎತ್ತಿದಾಗ ಚೂಡಿದಾರದ ತೋಳು ಜಾರಿತು. ಮೊಣಕೈಯ ಮೇಲೆ, ಒಳಗಡೆಗೆ, ಬೀಡಿ ಒತ್ತಿದ ದುಂಡನೆಯ ಕಲೆಗಳು. ಹಳೆಯವು, ಕಂದು ಬಣ್ಣಕ್ಕೆ ತಿರುಗಿದ್ದವು. ಅವಳ ಕೈ ಹಿಡಿದುಕೊಂಡೇ ಅಂಕೋಲೆವರೆಗೆ ಬಂದೆ.

ಮಳೆಗಾಲಕ್ಕೆ ಹೆದರುವುದು ಅಂದರೆ ಏನು ಅಂತ ನನಗೆ ಆ ವರ್ಷ ಗೊತ್ತಾಯಿತು. ಉಳಿದವರೆಲ್ಲ ಸೆಖೆ ತಡೆಯಲಾರದೆ ಮಳೆ ಬರಲಿ ಬರಲಿ ಅನ್ನುತ್ತಿದ್ದರು. ಮೇ ತಿಂಗಳು ಮುಗಿಯುತ್ತ ಬಂದಂತೆ ಕಡಲಿನ ಬಣ್ಣ ಕೆಟ್ಟಿತು. ಅಲೆಗಳು ಬಂದು ಗಾಳಿಮರದ ಬೇರು ಕೆದಕತೊಡಗಿದವು. ಕೇಣಿಯ ದೋಣಿಗಳನ್ನು ಗಂಡಸರು ಒಂದೊಂದಾಗಿ ದಂಡೆಯ ಮೇಲಕ್ಕೆ ಎಳೆದು, ತೆಂಗಿನ ಗರಿ ಹೆಣೆದ ಮಡಿಲು ಹೊದಿಸಿ, ಹಗ್ಗ ಬಿಗಿದು ಇಡುತ್ತಿದ್ದರು. ದಿನ ಬೆಳಗಾದರೆ ಇನ್ನೊಂದು ದೋಣಿ ಮೇಲೆ ಬಂದಿರುತ್ತಿತ್ತು, ನಮ್ಮ ಕಸರತ್ತಿನ ಜಾಗ ಇನ್ನಷ್ಟು ಕಿರಿದಾಗಿರುತ್ತಿತ್ತು. ಹುಡುಗಿ ಬಗ್ಗುವಾಗಲೂ ಏಳುವಾಗಲೂ ಆ ದೋಣಿಗಳನ್ನೇ ನೋಡುವಳು. ನಾನು ಅವಳನ್ನು ನೋಡುವೆ.

ಅವಳ ತವರಿನ ಕತೆಯನ್ನೂ ಕೇಳಿ ನೋಡಿದ್ದೆ. "ಆಯಿಗೆ ಹೇಳಿದೆ ಅಕ್ಕ. ಗಂಡಸರು ಹಾಂಗೇ, ಒಂದು ಮಗು ಆದ್ರೆ ಸಮ ಆಗ್ತದೆ ಅಂದಳು," ಅಂದಳು. ನನಗೆ ಆ ಹೆತ್ತ ಆಯಿಯ ಮೇಲೆ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ.

ಮಳೆ ಬಿದ್ದರೆ ಕ್ಲಾಸು ಬಂದ್, ಇನ್ನು ಶ್ರಾವಣದ ನೂಲು ಹುಣ್ಣಿಮೆ ಕಳೆದ ಮೇಲೆ, ಅಂತ ಕೆಲವರು ಮಾತಾಡಿಕೊಂಡಿದ್ದರು. ಅಕ್ಕೋರು ಒಪ್ಪಲಿಲ್ಲ. ನಾನು ಅವರಿಗೆ ಬಸ್ಸಿನಲ್ಲಿ ಕಂಡದ್ದನ್ನು ಹೇಳಿದ್ದೆ. "ಮಳೆಗಾಲದಲ್ಲೇ ಬೇಕಾದ್ದು," ಅಂದರು. ನಮ್ಮಲ್ಲಿ ಒಬ್ಬಳ ಗಂಡ ಮಾವಿನ ವ್ಯಾಪಾರಿ. ಮಳೆ ಬಿದ್ದ ಮೇಲೆ ಮಾವಿನ ಕೆಲಸ ಮುಗಿದು ಅವರ ವಖಾರಿ ಖಾಲಿ. ಬಜಾರಿನ ಹಿಂದುಗಡೆ ದೊಡ್ಡ ಗೋದಾಮು, ತಗಡಿನ ಮಾಡು, ನೆಲದ ಮೇಲೆ ಇನ್ನೂ ಹುಲ್ಲು, ಹಣ್ಣಾಗಿ ಕೊಳೆತ ಇಶಾಡ ಮಾವಿನ ವಾಸನೆ. ಕ್ಲಾಸು ಅಲ್ಲಿಗೆ ಬಂತು. ಮಳೆ ಹೊಡೆದರೆ ತಗಡಿನ ಸದ್ದಿಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಬಜಾರಿನ ಗಂಡಸರು ಇಣುಕಬಾರದು ಅಂತ ಶಟರನ್ನು ಅರ್ಧಕ್ಕಿಂತ ಕೆಳಗೆ ಎಳೆಯುತ್ತಿದ್ದೆವು.

ಹುಡುಗಿ ಬರುತ್ತಾಳೋ ಇಲ್ಲವೋ ಅಂತ ನಾನು ಹೆದರಿದ್ದೆ. ಬಂದಳು. ಗಂಡನ ಬೈಕಿನ ಹಿಂದೆ ಕೂತು ಬಂದಳು.

ನಾನು ಒಬ್ಬ ರಾಕ್ಷಸನನ್ನು ಎದುರು ನೋಡುತ್ತಿದ್ದೆ. ಇಳಿದವನು ಇಸ್ತ್ರಿ ಮಾಡಿದ ಶರ್ಟಿನ, ಮೆತ್ತಗೆ ಮಾತಾಡುವ ಗಂಡಸು. ನಮಗೆಲ್ಲ ಕೈ ಮುಗಿದ. "ಅಕ್ಕ, ಇವಳನ್ನ ಜಾಸ್ತಿ ಓಡಿಸಬೇಡಿ. ಇತ್ತೀಚೆಗೆ ತಲೆ ತಿರುಗ್ತದೆ ಇವಳಿಗೆ. ಬಾವಿ ಹತ್ರ ಹೋಗಬೇಡ ಅಂದ್ರೂ ಕೇಳೂದಿಲ್ಲ," ಅಂದ. ಅವಳ ಕೊಡೆ ತಾನೇ ಮಡಚಿ ಕೊಟ್ಟ. ಮಾವಿನ ವ್ಯಾಪಾರಿಯ ಹೆಂಡತಿ ಕರಗಿಹೋದಳು. "ನಮ್ಮನೆಯವರು ಒಂದು ದಿನ ಬಸ್‌ಸ್ಟ್ಯಾಂಡಿಗೂ ಬಿಟ್ಟವರಲ್ಲ ಮಾರಾಯ್ತಿ," ಅಂದಳು. ಬೋಟಿನವರ ಹೆಂಡತಿಯರಿಗೆ ಗಂಡನ ಜೊತೆ ನಾಲ್ಕು ಹೆಜ್ಜೆ ಹೋಗುವುದೇ ದೊಡ್ಡ ಸುಖ. ಮೀನಿನವಳು ಕೂಡ, "ಮನುಷ್ಯ ಬದಲಾಗ್ತಾನೆ ಅಕ್ಕ," ಅಂದಳು.

ಅವನು ಮನೆಗೆ ಹೋಗುತ್ತಿರಲಿಲ್ಲ. ಕ್ಲಾಸು ಮುಗಿಯುವವರೆಗೂ ಶಟರಿನ ಆಚೆ, ಸೂರಿನ ಕೆಳಗೆ ನಿಂತಿರುತ್ತಿದ್ದ. ನಮಗೆ ಕಾಣುತ್ತಿದ್ದದ್ದು ಅವನ ಕಾಲು ಮಾತ್ರ, ರಬ್ಬರಿನ ಚಪ್ಪಲಿ ಹಾಕಿದ ಎರಡು ಪಾದ. ಅತ್ತಿತ್ತ ಹೋಗುವುದಿಲ್ಲ, ಕಾಲು ಬದಲಿಸುವುದಿಲ್ಲ. ಬೋಟಿನ ಮೇಲೆ ನಿಂತು ಅಭ್ಯಾಸವಾದ ಕಾಲು. ನಾವು ಬಗ್ಗಿದಾಗಲೆಲ್ಲ ಆ ಪಾದಗಳು ಕಾಣುತ್ತಿದ್ದವು. ಎಲ್ಲರೂ ಅದನ್ನು ಪ್ರೀತಿ ಅಂದರು. ನನಗೆ ಬೆನ್ನಿಗೆ ಯಾರೋ ತಣ್ಣನೆಯ ಕೈ ಇಟ್ಟ ಹಾಗೆ ಆಗುತ್ತಿತ್ತು.

ಅವಳು ದಿನದಿನಕ್ಕೆ ಇಳಿಯತೊಡಗಿದಳು. ನಗುವುದು ನಿಂತಿತು. ಉದ್ದ ತೋಳಿನ ಚೂಡಿದಾರ ಬಂತು. ಸಾಲಿನ ಮುಂದಿನಿಂದ ಮತ್ತೆ ಕೊನೆಗೆ ಹೋದಳು. ಅಷ್ಟರಲ್ಲಿ ತಲೆ ತಿರುಗುವ ಸುದ್ದಿ ಇಡೀ ಕೇಣಿಗೆ, ಅರ್ಧ ಅಂಕೋಲೆಗೆ ಹರಡಿತ್ತು. ಅವನು ಕಿರಾಣಿ ಅಂಗಡಿಯಲ್ಲಿ ಹೇಳುತ್ತಿದ್ದ, ಕ್ಷೌರದ ಅಂಗಡಿಯಲ್ಲಿ ಹೇಳುತ್ತಿದ್ದ, ಪಕ್ಕದ ಮನೆಯ ಅಜ್ಜಿಯ ಹತ್ತಿರ ಕಣ್ಣೀರು ಹಾಕಿಕೊಂಡು ಹೇಳಿದನಂತೆ. ನಮ್ಮ ಊರು ಗೊತ್ತಲ್ಲ! ಒಬ್ಬಳು ಒಂದೆಲಗದ ತಂಬಳಿ ತಂದಳು. ಒಬ್ಬಳು ಶುಂಠಿ ರಸಕ್ಕೆ ಬೆಲ್ಲ ಹಾಕಿ ತಂದಳು, ಅವಳು ನಾನೇ. ಪಕ್ಕದ ಮನೆಯ ಅಜ್ಜಿ, ಇನ್ನು ಮೇಲೆ ನೀರು ಸೇದಬಾರದು, ಬಾವಿ ತುಂಬಿ ನಿಂತಿದೆ, ಅಂತ ದಿನಾ ಗದರುತ್ತಿದ್ದಳು. ಅಕ್ಕೋರು ಕೂಡ ಮೂಲೆಯಲ್ಲಿ ಒಂದು ಕುರ್ಚಿ ಹಾಕಿ, ನೀನು ಕೂತು ಕೈ ಮಾತ್ರ ಆಡಿಸು ಅಂದರು.

ನಾನು ಅವಳನ್ನೇ ಕೇಳಿದೆ. "ನಿಜವಾಗಿ ಬಿದ್ಯಾ ತಂಗಿ?"

"ಬಿದ್ದಿದ್ದೆ ಅಂತ ಇವರು ಹೇಳಿದ್ರು ಅಕ್ಕ. ಬಾವಿ ಹತ್ರ. ಇವರೇ ಎತ್ಕಂಡು ಬಂದ್ರಂತೆ."

"ನಿಂಗೆ ಗೊತ್ತಾಗಲಿಲ್ವಾ?"

"ನಂಗೆ ನೆನಪಿಲ್ಲ. ಇವರಿಗೆ ನೆನಪಿದೆ. ನನ್ನ ತಲೆ ಸಮ ಇಲ್ಲ ಅಕ್ಕ," ಅಂದಳು. ಹೇಳಿದ ರೀತಿ ನೋಡಿದರೆ ಅವಳು ಅದನ್ನು ನಂಬಿಬಿಟ್ಟಿದ್ದಳು.

ಜುಲೈ ತಿಂಗಳ ಒಂದು ಬೆಳಿಗ್ಗೆ, ಅವಳು ಇನ್ನೂ ಬಂದಿರಲಿಲ್ಲ, ಮೀನಿನವಳು ಒದ್ದೆ ಕೊಡೆಯನ್ನು ಮೂಲೆಗೆ ಎಸೆದು ನಮ್ಮನ್ನೆಲ್ಲ ಹತ್ತಿರ ಕರೆದಳು. ಮಳೆಗಾಲದಲ್ಲಿ ಹಸಿ ಮೀನು ಇಲ್ಲ, ಒಣ ಮೀನು ಹೊತ್ತು ಊರೂರು ತಿರುಗುತ್ತಿದ್ದಳು. ಹಿಂದಿನ ದಿನ ಭಾವಿಕೇರಿಯಲ್ಲಿ ಒಂದು ಮನೆಯ ಜಗಲಿಯಲ್ಲಿ ಬುಟ್ಟಿ ಇಳಿಸಿದ್ದಳು. ಆ ಮನೆಯ ಪರಿಚಯದವರ ಮಗಳಿಗೆ ಒಂದು ಸಂಬಂಧ ಬಂದಿದೆಯಂತೆ.

"ಗಂಡು ಕೇಣಿಯ ತಾಂಡೇಲ," ಅಂದಳು. "ಅವನಿಗೆ ಹೆಂಡತಿ ಇದ್ದಾಳಲ್ಲ ಅಂತ ಹುಡುಗಿ ಮನೆಯವರು ಕೇಳಿದ್ರಂತೆ. ಅವಳಿಗೆ ತಲೆ ರೋಗ, ಈ ಮಳೆಗಾಲ ದಾಟೂದು ಕಷ್ಟ, ನೀವು ಸ್ವಲ್ಪ ತಡೀರಿ ಅಂದನಂತೆ ಸಂಬಂಧ ತಂದ ನಡುವಿನವ."

ತಗಡಿನ ಮೇಲೆ ಮಳೆ ಹೊಡೆಯುತ್ತಿತ್ತು. ನನಗೆ ಎಲ್ಲವೂ ಒಮ್ಮೆಲೇ ಕಂಡಿತು. ನಾಳೆ ಆ ಹುಡುಗಿ ಬಾವಿಯಲ್ಲಿ ಸಿಕ್ಕರೆ ಪೋಲೀಸರು ಯಾರನ್ನು ಕೇಳುತ್ತಾರೆ? ಅಜ್ಜಿಯನ್ನು ಕೇಳುತ್ತಾರೆ, ಅಂಗಡಿಯವನನ್ನು ಕೇಳುತ್ತಾರೆ, ನಮ್ಮನ್ನು ಕೇಳುತ್ತಾರೆ. ಎಲ್ಲರೂ ಏನು ಹೇಳುತ್ತೇವೆ? "ಪಾಪ, ತಲೆ ತಿರುಗ್ತಿತ್ತು. ಗಂಡ ಎಷ್ಟು ಜೋಪಾನ ಮಾಡಿದ!" ಅನ್ನುತ್ತೇವೆ. ತಂಬಳಿ ತಂದವಳು, ಶುಂಠಿ ರಸ ತಂದವಳು, ಕುರ್ಚಿ ಹಾಕಿದವರು, ಊರಿಗೆ ಊರೇ ಅವನ ಸಾಕ್ಷಿ. ಅವನು ಯಾರಿಗೂ ಒಂದು ಸುಳ್ಳು ಹೇಳಿಕೊಡಬೇಕಾಗಿಲ್ಲ, ನಾವೇ ಬಾಯಿಪಾಠ ಮಾಡಿಕೊಂಡಿದ್ದೇವೆ.

"ಪೋಲೀಸಿಗೆ ಹೋಗ್ವಾ," ಅಂದಳು ಮಾವಿನ ವ್ಯಾಪಾರಿಯ ಹೆಂಡತಿ, ಅಳುತ್ತ.

"ಹೋಗಿ ಎಂತ ಹೇಳೂದು?" ಅಂತ ನಾನು ಕಿರುಚಿದೆ. "ಗಂಡ ಹೆಂಡತಿಯನ್ನ ಬೈಕಿನ ಮೇಲೆ ಕಸರತ್ತಿಗೆ ಕರ್ಕೊಂಡು ಬರ್ತಾನೆ, ಕೊಡೆ ಹಿಡೀತಾನೆ, ಹಿಡ್ಕೊಂಡು ಹೋಗಿ ಅವನನ್ನ ಅಂತಲಾ?"

ಹೊರಗೆ ಬೈಕಿನ ಸದ್ದು ನಿಂತಿತು. ಅವಳು ಶಟರಿನ ಕೆಳಗೆ ಬಗ್ಗಿ ಒಳಗೆ ಬಂದಳು. ಹಿಂದೆಯೇ ಆ ಎರಡು ಪಾದ ಬಂದು ತಮ್ಮ ಜಾಗದಲ್ಲಿ ನಿಂತವು.

ಅವಳು ನೇರ ಕುರ್ಚಿಗೆ ಹೋದಳು. ಅಕ್ಕೋರು ಹೋಗಿ ಅವಳ ಕೈ ಹಿಡಿದು ಎಬ್ಬಿಸಿ ನಡುವೆ ತಂದು ನಿಲ್ಲಿಸಿದರು. "ಒಂದು ಕಾಲು ಎತ್ತು," ಅಂದರು.

"ಬೇಡ ಅಕ್ಕೋರೆ. ಬೀಳ್ತೆ."

"ಬಿದ್ರೆ ನಾವಿದ್ದೇವೆ. ಎತ್ತು."

ನಾವು ಸುತ್ತ ನಿಂತೆವು, ಕೈ ಚಾಚಿ, ಮಗು ಮೊದಲ ಹೆಜ್ಜೆ ಇಡುವಾಗ ನಿಲ್ಲುತ್ತೇವಲ್ಲ ಹಾಗೆ. ಅವಳು ಬಲಗಾಲು ಎತ್ತಿ ಎಡ ಮೊಣಕಾಲಿನ ಪಕ್ಕ ಇಟ್ಟಳು. ಕೈ ಜೋಡಿಸಿ ತಲೆಯ ಮೇಲೆ ತಂದಳು. ಸ್ವಲ್ಪ ತೂಗಿದಳು, ನಿಂತಳು. "ಈಗ ಕಣ್ಣು ಮುಚ್ಚು," ಅಂದರು ಅಕ್ಕೋರು. ಮುಚ್ಚಿದಳು. ಕಣ್ಣು ಮುಚ್ಚಿ ಒಂಟಿ ಕಾಲಿನಲ್ಲಿ ನಿಂತು ನೋಡಿ ಬೇಕಾದರೆ, ತಲೆ ನೆಟ್ಟಗಿದ್ದವರಿಗೂ ಸುಲಭವಲ್ಲ. ಅವಳು ಅಲ್ಲಾಡಲಿಲ್ಲ. ನಿಂತೇ ಇದ್ದಳು, ನಿಂತೇ ಇದ್ದಳು.

ಕಣ್ಣು ಬಿಟ್ಟಾಗ ಅವಳ ಮುಖವೇ ಬೇರೆ. "ಅಕ್ಕೋರೆ, ನಂಗೆ ತಿರುಗ್ಲಿಲ್ಲ," ಅಂದಳು. ಆಮೇಲೆ ಅಳು ಬಂತು. ಸದ್ದಿಲ್ಲದ ಅಳು, ಬಾಯಿಗೆ ದುಪಟ್ಟಾ ತುರುಕಿಕೊಂಡು. ನನಗೂ ತಡೆಯಲಾಗಲಿಲ್ಲ.

ಮೀನಿನವಳು ಅವಳ ಕಿವಿಯ ಹತ್ತಿರ ಬಾಯಿಟ್ಟು ಭಾವಿಕೇರಿಯ ಮಾತು ಹೇಳಿದಳು. ಮುಚ್ಚಿಟ್ಟು ಹೇಳಲಿಲ್ಲ, ಇದ್ದದ್ದು ಇದ್ದ ಹಾಗೆ. ಹುಡುಗಿ ಕೇಳಿಸಿಕೊಂಡಳು. ಕೂಗಾಡುತ್ತಾಳೆ, ಬೀಳುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ: "ಆ ಹುಡುಗಿ ಸಣ್ಣವಳಾ?"

"ನಿನಗಿಂತ ಸಣ್ಣವಳು."

ಅವಳು ಮುಖ ಒರೆಸಿಕೊಂಡಳು. "ಬಾವಿಕಟ್ಟೆ ಮೇಲೆ ಪಾಚಿ ಕಟ್ಟಿದೆ, ಕೆರೆದು ತೆಗಿ ಅಂತ ಎರಡು ದಿನದಿಂದ ಹೇಳ್ತಾ ಇದ್ದಾರೆ ಅಕ್ಕೋರೆ. ಬಾವಿ ಹತ್ರ ಹೋಗಬೇಡ ಅಂದಿದ್ದೆ ಅಂತ ಊರಿಗೆಲ್ಲ ಹೇಳ್ತಾರೆ, ನಂಗೆ ಪಾಚಿ ತೆಗಿ ಅಂತಾರೆ. ನಾಳೆ ಬೆಳಿಗ್ಗೆ ತೆಗೀತೆ ಅಂದಿದ್ದೆ."

"ನೀನು ಇವತ್ತು ಹೋಗೂದೇ ಬೇಡ. ನಮ್ಮನೆಗೆ ನಡಿ. ಅವನು ಬರ್ಲಿ, ನಾನು ನೋಡ್ಕಂಬೆ," ಅಂದೆ. ಅವಳು ತಲೆ ಅಲ್ಲಾಡಿಸಿದಳು.

"ಹೋಗದಿದ್ರೆ ಹುಚ್ಚಿ ಓಡಿಹೋದಳು ಅಂತಾರೆ ಅಕ್ಕ. ಹುಡುಕಿ ಕರ್ಕೊಂಡು ಹೋಗ್ತಾರೆ. ಊರವರೇ ಹಿಡಿದು ಕೊಡ್ತಾರೆ. ನಾಳೆ ಬನ್ನಿ. ಎಲ್ಲರೂ ಬನ್ನಿ. ಬೆಳಗಾಗ್ತಿದ್ದ ಹಾಗೇ ಬನ್ನಿ."

ಅಕ್ಕೋರು ಅವಳ ಮುಖವನ್ನೇ ನೋಡಿದರು, ಆಮೇಲೆ ಸರಿ ಅಂದರು. ಮೀನಿನವಳು ತಾನು ಎರಡು ಮನೆ ಆಚೆಯೇ ಇದ್ದೇನೆ, ಕಿವಿ ತೆರೆದಿಟ್ಟಿರುತ್ತೇನೆ ಅಂದಳು. ಹುಡುಗಿ ಶಟರಿನ ಕೆಳಗೆ ಬಗ್ಗಿ ಹೊರಗೆ ಹೋದಳು. ಅಷ್ಟರಲ್ಲಿ ಮಳೆ ಸ್ವಲ್ಪ ಬಿಟ್ಟಿತ್ತು, "ಆಯ್ತಾ?" ಅಂತ ಅವನು ಮೆತ್ತಗೆ ಕೇಳಿದ್ದು ನನಗೆ ಕೇಳಿಸಿತು.

ನಿದ್ದೆ ಎಲ್ಲಿಂದ ಬರಬೇಕು. ಬೆಳಕು ಹರಿಯುವ ಮೊದಲೇ ಎದ್ದು ಹೊರಟೆ. ನಮ್ಮನೆಯವರು "ಈ ಮಳೆಯಲ್ಲಿ ಎಲ್ಲಿಗೆ?" ಅಂದರು. "ಕಸರತ್ತಿಗೆ" ಅಂದೆ. ಕೇಣಿ ರಸ್ತೆಯಲ್ಲಿ ಒಬ್ಬೊಬ್ಬರಾಗಿ ಸೇರಿಕೊಂಡೆವು. ಒಬ್ಬಳೂ ತಪ್ಪಿಸಿರಲಿಲ್ಲ. ಓಣಿಯ ತಿರುವಿಗೆ ಬಂದಾಗ ನಾನು ಕಣ್ಣು ಕೆಳಗೆ ಹಾಕಿದೆ. ಆ ಮನೆಯ ಮುಂದೆ ಜನ ಸೇರಿದ್ದರೆ ಮೊದಲು ನೋಡುವವಳು ನಾನಾಗಬಾರದು ಅಂತ ದೇವರಲ್ಲಿ ಬೇಡಿಕೊಂಡೆ.

ಜನ ಇರಲಿಲ್ಲ. ಅಂಗಳ ತುಂಬ ಮಳೆ. ಅಂಗಳದ ಮೂಲೆಯಲ್ಲಿ ಕೆಂಪು ಚಿರೆಕಲ್ಲಿನ ಬಾವಿ. ಕಡಲ ಹತ್ತಿರದ ಬಾವಿಗಳು ಜುಲೈಯಲ್ಲಿ ಬಾಯಿವರೆಗೆ ತುಂಬುತ್ತವೆ, ಬಗ್ಗಿ ಚೊಂಬಿನಲ್ಲಿ ಎತ್ತಬಹುದು. ಅವಳು ಕಟ್ಟೆಯ ಮೇಲೆ ಬಗ್ಗಿ ಕರಟದಿಂದ ಪಾಚಿ ಕೆರೆಯುತ್ತಿದ್ದಳು. ಅವನು ಅವಳ ಹಿಂದೆ ನಿಂತಿದ್ದ. ಒಂದು ಕೈಯಲ್ಲಿ ಕೊಡೆ, ಅವಳ ತಲೆಯ ಮೇಲೆ ಹಿಡಿದಿದ್ದ. ಇನ್ನೊಂದು ಕೈ ಖಾಲಿ ಇತ್ತು.

ಅಕ್ಕೋರು ಸೀಟಿ ಊದಿದರು. ಜೀವಮಾನದಲ್ಲಿ ಅಷ್ಟು ಜೋರಾದ ಸೀಟಿ ನಾನು ಕೇಳಿಲ್ಲ. ಓಣಿಯ ಬಾಗಿಲುಗಳು ತೆರೆದವು. ಪಕ್ಕದ ಮನೆಯ ಅಜ್ಜಿ ಹೊರಗೆ ಬಂದಳು, ಸೊಸೆಯಂದಿರು ಬಂದರು, ಎದುರುಮನೆಯವರು ಬೇಲಿಯ ಹತ್ತಿರ ನಿಂತರು.

"ವಖಾರಿಯಲ್ಲಿ ನೀರು ಸೋರ್ತದೆ. ಇವತ್ತು ಕಸರತ್ತು ಇಲ್ಲೇ ಮಾಡ್ವಾ," ಅಂದರು ಅಕ್ಕೋರು, ತಮ್ಮ ಮನೆಯ ಅಂಗಳವೋ ಎಂಬಂತೆ.

ಅವನು ನಕ್ಕ. ನಗುವಾಗ ಕೂಡ ಮೆತ್ತಗೆ. "ಇವಳಿಗೆ ಹುಷಾರಿಲ್ಲ ಅಕ್ಕೋರೆ. ನಿಮಗೆ ಗೊತ್ತಲ್ಲ."

"ಗೊತ್ತು. ಅದಕ್ಕೇ ಬಂದದ್ದು."

ನಾವು ಅಂಗಳದಲ್ಲಿ ಸಾಲು ನಿಂತೆವು, ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಅವಳನ್ನು ನಮ್ಮ ಸಾಲಿಗೆ ಕರೆದುಕೊಂಡು, ಅಂಗಳದಲ್ಲಿ ನಿಲ್ಲಿಸಿ, ಓಣಿಯವರಿಗೆಲ್ಲ ತೋರಿಸಬೇಕು, ಇಷ್ಟು ಅಕ್ಕೋರ ಲೆಕ್ಕ. ಅವಳು ಕರಟ ಕೆಳಗಿಟ್ಟಳು. ಎದ್ದು ನಿಂತಳು. ನಮ್ಮ ಕಡೆ ಬರಲಿಲ್ಲ. ಬಾವಿಕಟ್ಟೆಯ ಮೇಲೆ ಒಂದು ಕಾಲಿಟ್ಟಳು, ಇನ್ನೊಂದನ್ನೂ ಇಟ್ಟಳು, ಮೇಲೆ ನಿಂತುಬಿಟ್ಟಳು.

ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅಕ್ಕೋರ ಕೈಯಿಂದ ಸೀಟಿ ಜಾರಿದ್ದನ್ನು ನೋಡಿದೆ. "ಅಯ್ಯಯ್ಯೋ, ಅವಳಿಗೆ ತಲೆ ತಿರುಗೂದೇ! ಯಾರಾದ್ರೂ ಹಿಡೀರಿ!" ಅಂತ ಅಜ್ಜಿ ಕೂಗಿದಳು. ಅವನು ಕೊಡೆ ಬಿಟ್ಟು ಕೈ ಚಾಚಿ ಮುಂದೆ ಬಂದ. ಹಿಡಿಯಲು ಬಂದನೋ, ಇನ್ನೊಂದಕ್ಕೆ ಬಂದನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅಷ್ಟರಲ್ಲಿ ಮೀನಿನವಳು ನಡುವೆ ಹೋಗಿ ನಿಂತಿದ್ದಳು, ಸೊಂಟದ ಮೇಲೆ ಕೈ.

"ಕೈ ತೆಗಿ ತಮ್ಮಾ," ಅಂದಳು.

ಹುಡುಗಿ ಬಲಗಾಲು ಎತ್ತಿದಳು. ಕೆರೆದ ಕಲ್ಲಿನ ಮೇಲೆ ಎಡಗಾಲಿನ ಬೆರಳುಗಳು ಕಚ್ಚಿ ಹಿಡಿದಿದ್ದವು. ಅವಳ ಬೆನ್ನ ಹಿಂದೆ ಕಪ್ಪು ನೀರು ಮಳೆಗೆ ಕುದಿಯುತ್ತಿತ್ತು. ಕೈ ಜೋಡಿಸಿ ತಲೆಯ ಮೇಲೆ ಎತ್ತಿದಳು. ಮಳೆ ಮುಖದ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. ನಾನು ನನ್ನ ಬಾಯಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡೆ. ಕೂಗಿದರೆ ಎಲ್ಲಿ ಬೀಳುತ್ತಾಳೋ ಅಂತ. ಬೇಲಿಯ ಹತ್ತಿರ ಒಬ್ಬರೂ ಮಿಸುಕಲಿಲ್ಲ. ಎಷ್ಟು ಹೊತ್ತು ನಿಂತಳೋ ದೇವರಿಗೇ ಗೊತ್ತು.

ಆಮೇಲೆ ಅವಳು ಮಾತಾಡಿದಳು. ಗಂಡನ ಕಡೆ ನೋಡಿ ಅಲ್ಲ, ಅಜ್ಜಿಯ ಕಡೆ, ಬೇಲಿಯ ಕಡೆ, ಓಣಿಯ ಕಡೆ.

"ಎಲ್ಲರೂ ಸಮಾ ನೋಡ್ಕಳ್ಳಿ. ನಂಗೆ ತಲೆ ತಿರುಗೂದಿಲ್ಲ. ಇನ್ನು ಯಾವತ್ತಾದ್ರೂ ನಾನು ಈ ಬಾವಿಯಲ್ಲಿ ಸಿಕ್ಕಿದ್ರೆ, ಬಿದ್ದಳು ಅಂತ ಹೇಳಬೇಡಿ."

ಅವನು ಮತ್ತೆ ನಗಲು ನೋಡಿದ. "ನೋಡಿ, ಎಂತೆಂತ ಮಾತಾಡ್ತಾಳೆ," ಅಂದ. ಆ ಓಣಿಯಲ್ಲಿ ಅವನ ಜೊತೆ ಯಾರೂ ನಗಲಿಲ್ಲ. ಎದುರುಮನೆಯವನು ಬೇಲಿ ದಾಟಿ ಅಂಗಳಕ್ಕೆ ಬಂದ. ಅವನ ಹೆಂಡತಿಯೂ ಬಂದಳು. ತಾಂಡೇಲ ಒಂದು ಹೆಜ್ಜೆ ಹಿಂದೆ ಸರಿದ.

ಅಜ್ಜಿ ಕೋಲೂರಿಕೊಂಡು ಬಾವಿಯ ಹತ್ತಿರ ಹೋದಳು. "ಕೇಳಿಸ್ತು ಮಗಾ. ನಮಗೆಲ್ಲ ಕೇಳಿಸ್ತು. ಇಳಿ ಈಗ," ಅಂತ ಕೈ ಚಾಚಿದಳು.

ಹುಡುಗಿ ಆ ಕೈ ಹಿಡಿಯಲಿಲ್ಲ. ತಾನೇ ಇಳಿದಳು, ಚಪ್ಪಲಿ ಮೆಟ್ಟಿಕೊಂಡು ಗೇಟಿನ ಕಡೆ ನಡೆದಳು. ನಾವು ಅವಳ ಹಿಂದೆ ಹೋದೆವು.